ಎಕ್ಸ್‌ಟೆನ್ಷನ್ ಟ್ಯೂಬ್: ಹಾಕುವ ಮೊದಲು ಮಾಡಬೇಕಾದ ಲೆಕ್ಕ

ಎಕ್ಸ್‌ಟೆನ್ಷನ್ ಟ್ಯೂಬಿನೊಳಗೆ ಗಾಜಿಲ್ಲ. ಕ್ಯಾಮೆರಾ ಬಾಡಿಗೂ ಲೆನ್ಸಿಗೂ ನಡುವೆ ಕೂರುವ ಪೊಳ್ಳು ಕೊಳವೆ ಅದು. ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುವುದಷ್ಟೇ ಅದರ ಕೆಲಸ; ಲೆನ್ಸ್ ಸರಿದಷ್ಟೂ ಹತ್ತಿರದ ವಸ್ತು ಫೋಕಸಿಗೆ ಬರುತ್ತದೆ, ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯವಾಗಿ 12, 20, 36 ಮಿ.ಮೀ. ಹೀಗೆ ಮೂರು ಟ್ಯೂಬುಗಳ ಸೆಟ್ ಸಿಗುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳಿಗೆ 10 ಮತ್ತು 16 ಮಿ.ಮೀ. ಜೋಡಿ. ಮ್ಯಾಕ್ರೋ ಲೆನ್ಸಿಗೆ ದುಡ್ಡು ಹಾಕುವ ಮೊದಲು ಇಳಕಲ್ ಸೀರೆಯ ನೆಯ್ಗೆಯನ್ನೋ ಜೋಳದ ತೆನೆಯನ್ನೋ ಹತ್ತಿರದಿಂದ ತೆಗೆದು ನೋಡಬೇಕೆನ್ನುವವರಿಗೆ ಇದೇ ಸರಿಯಾದ ಆರಂಭ. ಆದರೆ ಸುಮ್ಮನೆ ಹಾಕಿ ನೋಡಿದವರಲ್ಲಿ ಬಹಳ ಮಂದಿ "ಫೋಕಸ್ಸೇ ಆಗವಲ್ದು" ಎಂದು ಬಿಚ್ಚಿಡುತ್ತಾರೆ. ಟ್ಯೂಬು ಕೆಟ್ಟಿರುವುದಿಲ್ಲ, ಲೆಕ್ಕ ಹಾಕಿರುವುದಿಲ್ಲ.

ವರ್ಧನೆಯ ಲೆಕ್ಕ

ವರ್ಧನೆ ಎಂದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ನಿಜವಸ್ತುವಿನ ಎಷ್ಟು ಪಟ್ಟು ಎಂಬ ಲೆಕ್ಕ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತಿನಿಂದ (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) ಭಾಗಿಸಿ. ಬಂದದ್ದಕ್ಕೆ ಲೆನ್ಸಿನ ಸ್ವಂತ ಗರಿಷ್ಠ ವರ್ಧನೆಯನ್ನು ಕೂಡಿಸಿ. 50 ಮಿ.ಮೀ. ಲೆನ್ಸಿನ ಸ್ವಂತ ವರ್ಧನೆ 0.15 ಎಂದಿಟ್ಟುಕೊಳ್ಳಿ. 36ರ ಟ್ಯೂಬು ಹಾಕಿದರೆ 36 ÷ 50 = 0.72, ಕೂಡಿದರೆ 0.87. ಮೂರೂ ಟ್ಯೂಬು ಸೇರಿಸಿದರೆ 68 ಮಿ.ಮೀ.; ಆಗ 1.36 + 0.15, ಅಂದರೆ ಸುಮಾರು 1.5.

ಇದನ್ನು ಪರೀಕ್ಷಿಸಲು 10 ರೂಪಾಯಿ ನಾಣ್ಯ ಸಾಕು. ಅದರ ವ್ಯಾಸ 27 ಮಿ.ಮೀ. ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಅಗಲ 23.5 ಮಿ.ಮೀ. (ಕ್ಯಾನನ್‌ನಲ್ಲಿ 22.3). ವರ್ಧನೆ 0.87 ಇದ್ದರೆ ನಾಣ್ಯ ಫ್ರೇಮಿನ ಎಡ ಅಂಚಿನಿಂದ ಬಲ ಅಂಚಿನವರೆಗೆ ಸರಿಯಾಗಿ ತುಂಬುತ್ತದೆ, ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ನಾಣ್ಯದ ಬದಲು ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು: ಎಷ್ಟು ಮಿ.ಮೀ. ಕಾಣುತ್ತದೋ ಅದರಿಂದ ಸೆನ್ಸರಿನ ಅಗಲವನ್ನು ಭಾಗಿಸಿದರೆ ನಿಜವಾದ ವರ್ಧನೆ ಸಿಗುತ್ತದೆ. ಫೋಕಸ್ ಮಾಡುವಾಗ ಒಳಗಿನ ಗಾಜುಗಳನ್ನಷ್ಟೇ ಸರಿಸುವ ಲೆನ್ಸುಗಳಲ್ಲಿ ಮೇಲಿನ ಸೂತ್ರ ಅಂದಾಜು ಮಾತ್ರ, ಸ್ಕೇಲನ್ನೇ ನಂಬಿ.

ಅದೇ 36ರ ಟ್ಯೂಬನ್ನು 300 ಮಿ.ಮೀ. ಲೆನ್ಸಿಗೆ ಹಾಕಿದರೆ ಹೆಚ್ಚುವುದು 0.12 ಅಷ್ಟೇ. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ ಅದು ಉಪಯೋಗಕ್ಕೆ ಬರುತ್ತದೆ, ನೆಯ್ಗೆಯ ಎಳೆಗಳಿಗೆ ಸಾಲದು. ಉದ್ದ ಲೆನ್ಸಿಗೆ ಟ್ಯೂಬಿಗಿಂತ ಮುಂದೆ ತಿರುಪುವ ಕ್ಲೋಸ್‌ಅಪ್ ಲೆನ್ಸೇ ಮೇಲು. ಇತ್ತ 18-55 ಕಿಟ್ ಲೆನ್ಸನ್ನು 18ರಲ್ಲಿಟ್ಟು ಟ್ಯೂಬು ಹಾಕಿದರೆ ಫೋಕಸ್ ಆಗುವ ಜಾಗ ಲೆನ್ಸಿನ ಗಾಜಿಗೇ ತಾಗುವಷ್ಟು ಹತ್ತಿರ, ಕೆಲವೊಮ್ಮೆ ಗಾಜಿನ ಒಳಗೇ ಬೀಳುತ್ತದೆ. 55ಕ್ಕೆ ತಿರುಗಿಸಿಟ್ಟು ಮುಟ್ಟದೇ ಬಿಡಿ.

ರಿಂಗ್ ತಿರುಗಿಸಿದರೆ ಯಾಕೆ ಫೋಕಸ್ ಆಗುವುದಿಲ್ಲ

ಟ್ಯೂಬು ಹಾಕಿದ ಮೇಲೆ ದೂರದ ಫೋಕಸ್ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಉಳಿಯುವ ವ್ಯಾಪ್ತಿ ಎಷ್ಟು ಕಿರಿದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ವಸ್ತುವಿನ ದೂರ = ಫೋಕಲ್ ಲೆಂತ್ × (1 + 1/ವರ್ಧನೆ). 50 ಮಿ.ಮೀ. ಲೆನ್ಸಿಗೆ 36ರ ಟ್ಯೂಬು ಹಾಕಿ, ಫೋಕಸ್ ರಿಂಗನ್ನು ಅನಂತದಲ್ಲಿಟ್ಟರೆ ವರ್ಧನೆ 0.72, ದೂರ ಸುಮಾರು 119 ಮಿ.ಮೀ. ರಿಂಗನ್ನು ಇನ್ನೊಂದು ಕೊನೆಯವರೆಗೆ ತಿರುಗಿಸಿದರೆ 0.87, ದೂರ ಸುಮಾರು 107 ಮಿ.ಮೀ. ಅಂದರೆ ಪೂರ್ತಿ ರಿಂಗಿನ ಆಟ 12 ಮಿ.ಮೀ. ಮಾತ್ರ! ನಿಮ್ಮ ಕ್ಯಾಮೆರಾ ಆ ಪಟ್ಟಿಯ ಹೊರಗಿದ್ದರೆ ರಿಂಗ್ ಎಷ್ಟು ತಿರುಗಿಸಿದರೂ ಮಸುಕೇ. (ಈ ದೂರ ಲೆನ್ಸಿನೊಳಗಿನ ಒಂದು ಬಿಂದುವಿನಿಂದ ಅಳೆದದ್ದು, ಮುಂದಿನ ಗಾಜಿನಿಂದ ಇನ್ನೂ ಕಡಿಮೆ.)

ಹಾಗಾಗಿ ಕ್ರಮ ತಿರುಗುಮುರುಗು. ಆಟೋಫೋಕಸ್ ಆಫ್ ಮಾಡಿ, ಬೇಕಾದ ವರ್ಧನೆಗೆ ರಿಂಗ್ ಇಟ್ಟು ಬಿಟ್ಟುಬಿಡಿ. ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡುವುದು) ಆನ್ ಮಾಡಿ, 10 ಪಟ್ಟು ಹಿಗ್ಗಿಸಿ, ಕ್ಯಾಮೆರಾವನ್ನೇ ಮುಂದೆ ಹಿಂದೆ ಸರಿಸಿ. ಟ್ರೈಪಾಡ್ ಮೇಲೆ ಫೋಕಸಿಂಗ್ ರೈಲ್ (ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ಸರಿಸುವ ಪಟ್ಟಿ) ಇದ್ದರೆ ಸುಲಭ. ಇಲ್ಲದಿದ್ದರೆ ಟೇಬಲ್ ಮೇಲೆ ವಸ್ತುವನ್ನೇ ಒಂದು ಪುಸ್ತಕದ ಮೇಲಿಟ್ಟು ಪುಸ್ತಕ ಸರಿಸಿ.

ಬೆಳಕೂ ಕಡಿಮೆ, ಆಳವೂ ಕಡಿಮೆ

ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯೇ ಅಪರ್ಚರ್; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು. ಕ್ಯಾಮೆರಾ ಎಫ್/8 ಎಂದು ತೋರಿಸುತ್ತಿದ್ದರೂ ಸೆನ್ಸರಿಗೆ ಮುಟ್ಟುವ ಬೆಳಕು ಎಫ್/8 × (1 + ವರ್ಧನೆ)ಯದು. 0.87ರಲ್ಲಿ ಅದು ಸುಮಾರು ಎಫ್/15, 1.5ರಲ್ಲಿ ಎಫ್/20. ಬಾಡಿಯ ಮೀಟರ್ ಲೆನ್ಸಿನ ಮೂಲಕವೇ ಅಳೆಯುವುದರಿಂದ ತಾನೇ ಸರಿದೂಗಿಸುತ್ತದೆ. ಮ್ಯಾನುಯಲ್ ಫ್ಲ್ಯಾಶ್ ಬಳಸುವವರು ಒಂದಕ್ಕೊಂದು ವರ್ಧನೆಯಲ್ಲಿ (1.0) ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು ಕೊಡಬೇಕು. ಆಳ (ಮುಂದಿನಿಂದ ಹಿಂದಕ್ಕೆ ಸ್ಪಷ್ಟವಾಗಿ ಕಾಣುವಷ್ಟು ಭಾಗ) ಸಾಲದೆಂದು ಎಫ್/22ಕ್ಕೆ ಇಳಿಸುವುದು ದಂಡ: ನಿಜದಲ್ಲಿ ಅದು ಎಫ್/40 ದಾಟಿರುತ್ತದೆ, ಡಿಫ್ರಾಕ್ಷನ್ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/5.6ರಿಂದ ಎಫ್/11ರೊಳಗೆ ಇರಿ.

ಎಪಿಎಸ್-ಸಿಯಲ್ಲಿ 0.87 ವರ್ಧನೆ, ಎಫ್/8 ಇದ್ದಾಗ ಸ್ಪಷ್ಟವಾಗಿ ಸಿಗುವ ಆಳ ಸುಮಾರು 0.8 ಮಿ.ಮೀ. ಒಂದು ಜೋಳದ ಕಾಳಿನ ದಪ್ಪಕ್ಕೂ ಅದು ಸಾಲದು. ಕಾಳು ಪೂರ್ತಿ ಬೇಕಿದ್ದರೆ 0.5 ಮಿ.ಮೀ. ಹೆಜ್ಜೆಯಲ್ಲಿ ಕ್ಯಾಮೆರಾ ಸರಿಸುತ್ತ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬೇಕು. 6 ಮಿ.ಮೀ. ಆಳಕ್ಕೆ 13 ಚಿತ್ರ. ಹೆಜ್ಜೆಯನ್ನು 0.8ಕ್ಕಿಂತ ದೊಡ್ಡದು ಮಾಡಿದರೆ ನಡುನಡುವೆ ಮಸುಕು ಪಟ್ಟಿಗಳು ಉಳಿಯುತ್ತವೆ.

ಅಭ್ಯಾಸಕ್ಕೆ: ಸೀರೆ, ಖಣ

ಕಲಿಯಲು ಹುಳಕ್ಕಿಂತ ಬಟ್ಟೆ ಒಳ್ಳೆಯದು, ಅದು ಹಾರಿಹೋಗುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುವ ಜಾಗ ಇದೆಯಲ್ಲ, ಅದನ್ನು ಹುಡುಕಿ. ಬರಿಗಣ್ಣಿಗೆ ಅದೊಂದು ಗೆರೆ, 0.87ರಲ್ಲಿ ಒಂದೊಂದು ಕುಣಿಕೆಯೂ ಬೇರೆಯಾಗಿ ಕಾಣುತ್ತದೆ. ಗುಳೇದಗುಡ್ಡದ ಖಣದ ಚಿತ್ತಾರ ನೆಯ್ಗೆಯಲ್ಲೇ ಮೂಡಿದ್ದು, ಅಚ್ಚು ಹಾಕಿದ್ದಲ್ಲ. ಹಾಸು ಎಲ್ಲಿ ಮೇಲೆದ್ದಿದೆ, ಹೊಕ್ಕು (ಅಡ್ಡ ಎಳೆ) ಎಲ್ಲಿ ಮುಚ್ಚಿದೆ ಎಂಬುದು ದೀಪ ಬಟ್ಟೆಗೆ 15-20 ಡಿಗ್ರಿ ಕೋನದಲ್ಲಿ ಪಕ್ಕದಿಂದ ಬಿದ್ದಾಗಲೇ ತಿಳಿಯುತ್ತದೆ. ನೇರ ಮುಂದಿನ ಫ್ಲ್ಯಾಶ್ ನೆಯ್ಗೆಯನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗಳನ್ನು ಬೆಳ್ಳಗೆ ಸುಡುತ್ತದೆ.

ಬಟ್ಟೆಯನ್ನು ರಟ್ಟಿನ ಮೇಲೆ ಎಳೆದು ಗುಂಡುಪಿನ್ ಹಾಕಿ. ಈಗ ಸೆನ್ಸರ್ ಬಟ್ಟೆಗೆ ಸಮಾನಾಂತರ ಇರಲೇಬೇಕು. 27 ಮಿ.ಮೀ. ಅಗಲದ ಚಿತ್ರಕ್ಕೆ 0.8 ಮಿ.ಮೀ. ಆಳವೆಂದರೆ, ಎರಡು ಡಿಗ್ರಿ ವಾಲಿದರೂ ಅಂಚು ಮಸುಕು. ಬಟ್ಟೆಯ ಮೇಲೆ ಸಣ್ಣ ಚಪ್ಪಟೆ ಕನ್ನಡಿ ಇಟ್ಟು ಲೈವ್ ವ್ಯೂ ನೋಡಿ: ಲೆನ್ಸಿನ ಕಪ್ಪು ವೃತ್ತ ಫ್ರೇಮಿನ ನಟ್ಟನಡುವೆ ಬರುವವರೆಗೆ ಟ್ರೈಪಾಡ್ ತಲೆ ತಿದ್ದಿ. ವೃತ್ತ ಮಸುಕಾಗಿ ಕಂಡರೂ ಚಿಂತೆಯಿಲ್ಲ, ನಡು ಗೊತ್ತಾದರೆ ಸಾಕು. ಐಎಸ್‌ಒ 100, ಎಫ್/8, 2 ಸೆಕೆಂಡ್ ಟೈಮರ್. ಫ್ಯಾನ್ ಆರಿಸಿ, ಅದರ ಗಾಳಿಗೆ ಬಟ್ಟೆಯ ನಾರು ಅಲುಗುತ್ತದೆ.

ಹೊಲದಲ್ಲಿ

ಸೀತನಿ (ಸುಟ್ಟು ತಿನ್ನುವ ಎಳೆ ಜೋಳ) ಹಂಗಾಮಿನಲ್ಲಿ ತೆನೆ, ಎಲೆ, ಎಲೆಯ ಮೇಲಿನ ಹೇನು ಎಲ್ಲವೂ ಸಿಗುತ್ತವೆ. ಆದರೆ ಹೇನಿನ ಮೈ ಒಂದೆರಡು ಮಿ.ಮೀ. ಅಷ್ಟೇ; 0.87ರಲ್ಲಿ ಗುಂಪು ಚೆನ್ನಾಗಿ ಬರುತ್ತದೆ, ಒಂದೇ ಹೇನು ಬೇಕಿದ್ದರೆ ಮೂರೂ ಟ್ಯೂಬು ಹಾಕಬೇಕು. ಬಿಸಿಲೇರಿ ಗಾಳಿ ಏಳುವ ಮೊದಲೇ ಮುಗಿಸಿ. ದಂಟನ್ನು ಬಟ್ಟೆ ಕ್ಲಿಪ್ಪಿನಿಂದ ಒಂದು ಕೋಲಿಗೆ ಹಿಡಿಸಿ. ಟ್ರೈಪಾಡ್ ಇಳಿಯದ ಜಾಗಕ್ಕೆ ಜೋಳ ತುಂಬಿದ ಸಣ್ಣ ಚೀಲ ಸಾಕು, ಕ್ಯಾಮೆರಾ ಅದರ ಮೇಲೆ ಅಲುಗದೆ ಕೂರುತ್ತದೆ. ಕೈಯಲ್ಲೇ ಹಿಡಿದು ತೆಗೆಯುವುದಾದರೆ ಫ್ಲ್ಯಾಶ್ ಬೇಕೇ ಬೇಕು: 1/200, ಎಫ್/8ರಿಂದ 11, ಐಎಸ್‌ಒ 200, ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಪೇಪರ್.

ಕೊಳ್ಳುವಾಗ

ವಿದ್ಯುತ್ ಸಂಪರ್ಕದ ಪಿನ್ನುಗಳಿಲ್ಲದ ಅಗ್ಗದ ಟ್ಯೂಬಿನಲ್ಲಿ ಲೆನ್ಸಿಗೂ ಬಾಡಿಗೂ ಮಾತೇ ನಡೆಯುವುದಿಲ್ಲ. ಅಪರ್ಚರ್ ರಿಂಗ್ ಇಲ್ಲದ ನಿಕಾನ್ ಜಿ ಲೆನ್ಸು ಅಂಥ ಟ್ಯೂಬಿನಲ್ಲಿ ಅತಿ ಚಿಕ್ಕ ಅಪರ್ಚರಿಗೆ ಮುಚ್ಚಿಕೊಂಡು ಫೈಂಡರ್ ಕತ್ತಲಾಗುತ್ತದೆ. ಕ್ಯಾನನ್ ಇಎಫ್ ಲೆನ್ಸು ಪೂರ್ತಿ ತೆರೆದೇ ಉಳಿಯುತ್ತದೆ. ಆ ಕ್ಯಾನನ್ ಲೆನ್ಸಿಗೆ ಟ್ಯೂಬಿಲ್ಲದೆ ಎಫ್/8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಗುಂಡಿ ಒತ್ತಿ ಹಿಡಿದೇ ಲೆನ್ಸ್ ಬಿಚ್ಚಿದರೆ ಅದೇ ಅಪರ್ಚರ್ ನಿಲ್ಲುತ್ತದೆ, ಆಮೇಲೆ ಟ್ಯೂಬಿಗೆ ಹಾಕಬಹುದು. ಪ್ರತಿ ಸಲ ಇದನ್ನು ಮಾಡುವುದು ಬೇಸರದ ಕೆಲಸ. ಪಿನ್ನಿರುವ ಟ್ಯೂಬಿಗೆ ಹೆಚ್ಚು ಕೊಡುವುದೇ ವಾಸಿ. ರಿಂಗ್ ಇರುವ ಹಳೆಯ ಲೆನ್ಸು ಇದ್ದವರಿಗೆ ಮಾತ್ರ ಅಗ್ಗದ್ದು ನಡೆಯುತ್ತದೆ.

ಒಳಮೈ ಮಿರುಗುತ್ತಿದ್ದರೆ ಬೆಳಕು ಅಲ್ಲೇ ಪುಟಿದು ಚಿತ್ರ ಪೇಲವವಾಗುತ್ತದೆ. ಮ್ಯಾಟ್ ಕಪ್ಪು ಇರುವುದನ್ನು ಆರಿಸಿ. ಪ್ಲಾಸ್ಟಿಕ್ ಮೌಂಟಿಗೆ ಭಾರದ ಲೆನ್ಸ್ ತಗುಲಿಸಿದರೆ ಜಗ್ಗುತ್ತದೆ. ಎರೆಹೊಲದ ಧೂಳು ಸೆನ್ಸರಿಗೆ ಕೂತರೆ ಈ ಅಪರ್ಚರಿನಲ್ಲಿ ಪ್ರತಿ ಕಣವೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹಾಗಾಗಿ ಟ್ಯೂಬನ್ನು ಮನೆಯಲ್ಲೇ ಜೋಡಿಸಿಕೊಂಡು ಹೊರಡಿ. ಹೊಲದಲ್ಲಿ ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಆಫ್ ಮಾಡಿ, ಬಾಡಿಯ ಬಾಯಿ ಕೆಳಗೆ ಮಾಡಿ ಹಿಡಿದು ಬದಲಿಸಿ.