ಖಜಾನೆ ಯಾರ ಸ್ವತ್ತು?

632ರಲ್ಲಿ ಅಬೂಬಕರ್ ಮೊದಲ ಖಲೀಫರಾದರು, ಅಂದರೆ ಪ್ರವಾದಿಯ ನಂತರ ಮುಸ್ಲಿಮರ ಆಡಳಿತ ಹೊತ್ತವರು. ಮರುದಿನ ಬೆಳಿಗ್ಗೆ ಎಂದಿನಂತೆ ಬಟ್ಟೆಗಂಟು ಹೊತ್ತು ಮದೀನಾದ ಮಾರುಕಟ್ಟೆಗೆ ಹೊರಟರಂತೆ. ದಾರಿಯಲ್ಲಿ ಸಿಕ್ಕ ಸಂಗಾತಿ ಉಮರ್ ತಡೆದರು. ಆಡಳಿತ ನೋಡಬೇಕಾದವರು ವ್ಯಾಪಾರಕ್ಕೆ ಹೋದರೆ ಹೇಗೆ? ಮನೆಯೂ ನಡೆಯಬೇಕಲ್ವಾ ಎಂದರು ಅಬೂಬಕರ್. ಕೊನೆಗೆ ಬೈತುಲ್ ಮಾಲ್‌ನಿಂದ, ಅಂದರೆ ಸಾರ್ವಜನಿಕ ಖಜಾನೆಯಿಂದ, ಅವರ ಸಂಸಾರಕ್ಕೆ ಸಾಕಾಗುವಷ್ಟು ಭತ್ಯೆ ಗೊತ್ತು ಮಾಡಿದರು.

ಹಳೆಯ ಇತಿಹಾಸಕಾರರು ಹೇಳುತ್ತಾ ಬಂದ ಈ ಕತೆ ನನಗೆ ತುಂಬಾ ಮುಖ್ಯವೆನಿಸುತ್ತದೆ. ಇಸ್ಲಾಮಿನ ಅರ್ಥನೀತಿ ಎಂದ ಕೂಡಲೇ ಎಲ್ಲರೂ ಬಡ್ಡಿಯ ಮಾತೆತ್ತುತ್ತಾರೆ. ಅದಕ್ಕಿಂತ ಆಳದ ಬೇರು ಇಲ್ಲಿದೆ. ಆಳುವವನ ಕೈಯಲ್ಲಿರುವ ಹಣ ಅಮಾನತ್, ಬೇರೆಯವರು ನಂಬಿ ಇಟ್ಟದ್ದು.

ಬಡ್ಡಿಯ ವಿಷಯದಲ್ಲೂ ಆರಂಭ ಹೀಗೆಯೇ. ಮಕ್ಕಾದಲ್ಲಿ ಸಾಲ ತೀರಿಸಲಾಗದವನ ಮೇಲೆ ಬಾಕಿ ದುಪ್ಪಟ್ಟಾಗುತ್ತಾ ಹೋಗುವ ಪದ್ಧತಿಯಿತ್ತು. ಕುರ್‌ಆನ್ ಅದನ್ನು ನಿಷೇಧಿಸಿತು. 632ರ ವಿದಾಯ ಭಾಷಣದಲ್ಲಿ ಪ್ರವಾದಿ ಮುಹಮ್ಮದ್ ಬಾಕಿ ಬಡ್ಡಿಯನ್ನೆಲ್ಲ ರದ್ದು ಮಾಡಿದಾಗ, ಮೊದಲು ಹೋದದ್ದು ಅವರ ಸ್ವಂತ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಿದ್ದ ಬಡ್ಡಿ.

ಝಕಾತ್, ಅಂದರೆ ಉಳ್ಳವರು ಕಡ್ಡಾಯವಾಗಿ ಕೊಡಬೇಕಾದ ದಾನ, ಅದರ ಲೆಕ್ಕ ಸರಳ. ಒಂದು ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರ 40ರಲ್ಲಿ ಒಂದು ಪಾಲು. ಮಳೆ ನಂಬಿ ಬೆಳೆದ ಫಸಲಿಗೆ 10ರಲ್ಲಿ ಒಂದು, ನೀರೆತ್ತಿ ಬೆಳೆದದ್ದಕ್ಕೆ 20ರಲ್ಲಿ ಒಂದು. ದುಡಿಮೆ ಜಾಸ್ತಿಯಾದಲ್ಲಿ ಪಾಲು ಕಡಿಮೆ. ಆ ಹಣ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ 8 ವರ್ಗಗಳನ್ನು ಹೆಸರಿಸಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು ಅದರಲ್ಲಿದ್ದಾರೆ.

ಈ ತತ್ವಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಎರಡನೇ ಖಲೀಫ ಉಮರ್ ಕಾಲದಲ್ಲಿ. ಇರಾಕಿನ ಸವಾದ್ ಎಂಬ ಫಲವತ್ತಾದ ಬಯಲು ಕೈವಶವಾಗಿತ್ತು. ಗೆದ್ದ ನೆಲವನ್ನು ನಮಗೆ ಹಂಚಿ ಎಂದು ಸೈನಿಕರು ಪಟ್ಟು ಹಿಡಿದರು. ಬಿಲಾಲರಂಥ, ಪ್ರವಾದಿಯ ಹಿರಿಯ ಸಂಗಾತಿಗಳೂ ಅದನ್ನೇ ಕೇಳಿದರು. ಉಮರ್ ಒಪ್ಪಲಿಲ್ಲ. ಈಗಲೇ ಹಂಚಿಬಿಟ್ಟರೆ ಮುಂದೆ ಹುಟ್ಟುವವರಿಗೆ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಸುಮ್ನೆ ಆಜ್ಞೆ ಹೊರಡಿಸಲಿಲ್ಲ. ದಿನಗಟ್ಟಲೆ ಸಮಾಲೋಚನೆ, ಅಂದರೆ ಶೂರಾ, ನಡೆಯಿತು. ಸಂಪತ್ತು ನಿಮ್ಮಲ್ಲಿನ ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎನ್ನುವ ಕುರ್‌ಆನಿನ 59ನೇ ಅಧ್ಯಾಯವನ್ನು ಉಮರ್ ಆಧಾರವಾಗಿ ಮುಂದಿಟ್ಟರು. ಕೊನೆಗೆ ಹೊಲಗಳು ಉಳುವವರ ಬಳಿಯೇ ಉಳಿದವು. ಅವರು ಕಟ್ಟುವ ಖರಾಜ್ ಎಂಬ ಭೂಕಂದಾಯ ಖಜಾನೆಗೆ ಬಂತು. ದೀವಾನ್ ಎಂಬ ದಫ್ತರದಲ್ಲಿ ಹೆಸರು ಬರೆದು ಸೈನಿಕರಿಗೆ ವರ್ಷಾಶನ ಕೊಟ್ಟರು.

ಇದು ಹಾಗೇ ಉಳಿಯಲಿಲ್ಲ ಅನ್ನುವುದೇ ನೋವಿನ ಸಂಗತಿ. 661ರಲ್ಲಿ ಉಮಯ್ಯದ್ ವಂಶ ಬಂತು, ಖಲೀಫ ಪಟ್ಟ ಅಪ್ಪನಿಂದ ಮಗನಿಗೆ ಹೋಗತೊಡಗಿತು. ಆಯ್ಕೆಯೇ ಇಲ್ಲವಾದ ಮೇಲೆ ಶೂರಾಕ್ಕೆ ಬೆಲೆ ಎಲ್ಲಿ? ಖಜಾನೆಗೂ ಅರಮನೆಗೂ ನಡುವಿನ ಗೋಡೆ ತೆಳುವಾಯಿತು. 717ರಿಂದ 720ರವರೆಗೆ ಆಳಿದ ಉಮರ್ ಬಿನ್ ಅಬ್ದುಲ್ ಅಝೀಝ್ ಅದನ್ನು ಮತ್ತೆ ಕಟ್ಟಲು ನೋಡಿದರು. ಜಿಝಿಯಾ ಎಂಬುದು ಮುಸ್ಲಿಮೇತರರ ಮೇಲಿನ ತೆರಿಗೆ; ಇಸ್ಲಾಮಿಗೆ ಮತಾಂತರಗೊಂಡವರಿಂದಲೂ ಅದನ್ನು ವಸೂಲಿ ಮಾಡುವುದನ್ನು ನಿಲ್ಲಿಸಿದರು. ಆದಾಯ ಕುಸಿಯುತ್ತದೆ ಎಂಬ ಅಧಿಕಾರಿಗಳ ಅಳಲಿಗೆ ಕಿವಿಗೊಡಲಿಲ್ಲ. ಮುಂದೆ ನ್ಯಾಯಾಧೀಶ ಅಬೂ ಯೂಸುಫ್, ಖಲೀಫ ಹಾರೂನ್ ರಶೀದರಿಗಾಗಿಯೇ ಬರೆದ ಗ್ರಂಥದಲ್ಲಿ ರೈತರನ್ನು ಹಿಂಸಿಸಿ ಕಂದಾಯ ಕೀಳಬಾರದೆಂದು ನೇರವಾಗಿ ಎಚ್ಚರಿಸಿದರು. 1377ರಲ್ಲಿ ಇತಿಹಾಸಕಾರ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋದರು. ರಾಜ್ಯ ಹೊಸದಾಗಿದ್ದಾಗ ಕಡಿಮೆ ತೆರಿಗೆಯಿಂದ ಹೆಚ್ಚು ಹಣ ಬರುತ್ತದೆ, ಮುಪ್ಪಾದಾಗ ಹೆಚ್ಚು ತೆರಿಗೆಯಿಂದಲೂ ಹಣ ಸಾಲುವುದಿಲ್ಲ ಎಂದರು.

ಇಂದಿನ ಇಸ್ಲಾಮಿಕ್ ಬ್ಯಾಂಕಿಂಗ್ ತೀರಾ ಈಚಿನದು. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ತೆರೆಯಿತು. 1975ರಲ್ಲಿ ಜಿದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ಕೆಲಸ ಶುರುಮಾಡಿತು. ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವ ಕನಸು ಅದರ ಹಿಂದಿತ್ತು. ಬಳಕೆಯಲ್ಲಿ ಗೆದ್ದದ್ದು ಮುರಾಬಹಾ. ಬ್ಯಾಂಕು ವಸ್ತು ಕೊಂಡು, ಮೇಲೆ ಲಾಭ ಸೇರಿಸಿ, ಕಂತಿನಲ್ಲಿ ಮಾರುವ ವಿಧಾನ ಅದು. ನಿಯಮಕ್ಕೆ ಸರಿಯಿರಬಹುದು, ಆದರೆ ಕಷ್ಟದಲ್ಲಿ ಜೊತೆ ನಿಲ್ಲುವ ಪಾಲುದಾರಿಕೆ ಅದರಲ್ಲಿ ನನಗೆ ಕಾಣುವುದಿಲ್ಲ.

ಝಕಾತನ್ನು ಸರ್ಕಾರವೇ ವಸೂಲಿ ಮಾಡಲು ಹೊರಟದ್ದರ ಅನುಭವವೂ ಇದೆ. ಪಾಕಿಸ್ತಾನ 1980ರಲ್ಲಿ ಕಾನೂನು ತಂದು, ರಂಝಾನ್ ಮೊದಲ ದಿನ ಉಳಿತಾಯ ಖಾತೆಗಳಿಂದ ಶೇ. 2.5 ಮುರಿದುಕೊಳ್ಳತೊಡಗಿತು. ಶಿಯಾಗಳು ಇಸ್ಲಾಮಾಬಾದಿನಲ್ಲಿ ಭಾರೀ ಪ್ರತಿಭಟನೆ ಮಾಡಿ ವಿನಾಯಿತಿ ಪಡೆದರು. ಉಳಿದವರಲ್ಲೂ ಅನೇಕರು ರಂಝಾನ್‌ಗೆ ಮುಂಚೆ ಹಣ ತೆಗೆದುಬಿಡುವುದು ರೂಢಿಯಾಯಿತು. ಅವರೆಲ್ಲ ಝಕಾತ್ ತಪ್ಪಿಸಿಕೊಳ್ಳುವವರೆಂದು ತಿಳಿಯಬೇಡಿ. ಎಷ್ಟೋ ಮಂದಿ ಅದೇ ಹಣವನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಿ, ತಮಗೆ ಗೊತ್ತಿರುವ ಬಡವರ ಕೈಗೆ ತಾವೇ ಕೊಟ್ಟು ಬರುತ್ತಾರೆ.