ಯುದ್ಧವಿಲ್ಲ, ದಂಗೆಯಿಲ್ಲ, ಆದರೂ ಪ್ರಾಜೆಕ್ಟ್ ಕೈತಪ್ಪುವುದು ಹೇಗೆ?

ಓದುಗರ ಪ್ರಶ್ನೆ: ವಿದೇಶದಲ್ಲಿ ಕಾಮಗಾರಿ ಹಿಡಿಯುವ ಕಂಪನಿಗಳು ‘ರಾಜಕೀಯ ಅಪಾಯ’ ಲೆಕ್ಕ ಹಾಕುತ್ತವಲ್ಲ, ಅದು ಯುದ್ಧ, ದಂಗೆಗಳ ವಿಷಯವೇ? ಶಾಂತ ದೇಶವೊಂದನ್ನು ಆರಿಸಿ, ವಿಮೆ ಮಾಡಿಸಿದರೆ ಸಾಲದೇ?

ಸಾಲದು. ಯುದ್ಧ, ದಂಗೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಪ್ರಾಜೆಕ್ಟ್ ಮ್ಯಾನೇಜರ್‌ಗಳ ನಿದ್ದೆ ಕೆಡಿಸುವುದು ಬೇರೆಯೇ: ನವೀಕರಣವಾಗದ ಪರ್ಮಿಟ್, ಕಸ್ಟಮ್ಸ್‌ನಲ್ಲಿ ಕೂತ ಯಂತ್ರ, ಲಾಭವನ್ನು ಡಾಲರ್ ಮಾಡಿ ಹೊರಗೆ ಕಳಿಸಲು ಸಿಗದ ಅನುಮತಿ. ದೇಶದ ರೇಟಿಂಗ್ ನೋಡಿದರೆ ಇದೊಂದೂ ತಿಳಿಯುವುದಿಲ್ಲ. ನೋಡಬೇಕಾದದ್ದು ಒಪ್ಪಂದದಲ್ಲಿ ಬರೆದಿರುವ ಒಂದೊಂದು ಆದಾಯವನ್ನು.

ಮಾಲ್ಡೀವ್ಸ್ ರಾಜಧಾನಿ ಮಾಲೆಯ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. ಆಗ ಬೆಂಗಳೂರಿನಲ್ಲಿ ನೆಲೆಯಿದ್ದ ಮೂಲಸೌಕರ್ಯ ಕಂಪನಿ ಜಿಎಂಆರ್, ಮಲೇಷ್ಯಾ ಏರ್‌ಪೋರ್ಟ್ಸ್ ಜೊತೆ ಸೇರಿ 2010ರಲ್ಲಿ ಅದನ್ನು 25 ವರ್ಷಕ್ಕೆ ವಹಿಸಿಕೊಂಡಿತು. ಸುಮಾರು 50 ಕೋಟಿ ಡಾಲರ್‌ನ ಯೋಜನೆ. ಹೊರಡುವ ಪ್ರಯಾಣಿಕರಿಂದ ತಲಾ 25 ಡಾಲರ್ ಅಭಿವೃದ್ಧಿ ಶುಲ್ಕ ಪಡೆಯಲು ಒಪ್ಪಂದದಲ್ಲಿ ಅವಕಾಶವಿತ್ತು. ಸಂಸತ್ತಿನ ಒಪ್ಪಿಗೆಯಿಲ್ಲದೆ ಇದನ್ನು ವಸೂಲು ಮಾಡುವಂತಿಲ್ಲ ಎಂದು ವಿರೋಧ ಪಕ್ಷವೊಂದು ಕೋರ್ಟಿಗೆ ಹೋಗಿ 2011ರ ಡಿಸೆಂಬರ್‌ನಲ್ಲಿ ಗೆದ್ದಿತು. ಆಗ ಅಲ್ಲಿನ ಅಧ್ಯಕ್ಷ ನಶೀದ್ ಅವರ ಸರ್ಕಾರ, ಖೋತಾ ಆದ ಮೊತ್ತವನ್ನು ತನಗೆ ಬರಬೇಕಾದ ಪಾಲಿನಲ್ಲೇ ಮುರಿದುಕೊಳ್ಳಿ ಎಂದು ಪತ್ರ ಕೊಟ್ಟಿತು. ಕಂಪನಿಯ ಲೆಕ್ಕ ಸರಿಹೋಯಿತು, ಖಜಾನೆಯ ಆದಾಯ ಇಳಿಯಿತು. 2012ರ ಫೆಬ್ರುವರಿಯಲ್ಲಿ ನಶೀದ್ ಅಧಿಕಾರ ಬಿಟ್ಟರು. ಹೊಸ ಸರ್ಕಾರಕ್ಕೆ ಆ ಪತ್ರದ ಹಂಗಿರಲಿಲ್ಲ. ನವೆಂಬರ್ ಕೊನೆಯಲ್ಲಿ ಅದು ಒಪ್ಪಂದವನ್ನೇ ಅಸಿಂಧುವೆಂದು ಘೋಷಿಸಿ, ಏಳು ದಿನದ ಗಡುವು ಕೊಟ್ಟಿತು.

ಹಾಗಾಗಿ ಅನುಭವಸ್ಥರು ಪ್ರತಿ ಆದಾಯಕ್ಕೂ ಮೂರು ವಿಷಯ ಕೇಳುತ್ತಾರೆ. ಇದರ ಹಿಂದಿರುವುದು ಕಾಯ್ದೆಯೋ, ಸರ್ಕಾರಿ ಆದೇಶವೋ, ಬರೀ ಪತ್ರವೋ? ಸಹಿ ಹಾಕಿದವರು ಮುಂದಿನ ಚುನಾವಣೆ ಸೋತರೆ ಇದು ಉಳಿಯುತ್ತದೆಯೇ? ಇದರಿಂದ ಯಾರ ಜೇಬಿಗೆ ಕತ್ತರಿ? ಕೊನೆಯದನ್ನು ಬಹುಪಾಲು ಜನ ಕೇಳುವುದೇ ಇಲ್ಲ. ವಿರೋಧ ಹುಟ್ಟುವುದು ಮಾತ್ರ ಅಲ್ಲಿಂದಲೇ.

ಜೊತೆಗೆ, ಹೂಡಿದ ಹಣದಲ್ಲಿ ವಾಪಸ್ ತರಲಾಗದ್ದು ಎಷ್ಟು ಎಂದು ಪ್ರತಿ ತ್ರೈಮಾಸಿಕಕ್ಕೂ ಬರೆದಿಡಬೇಕು. ಟೆಂಡರ್ ದಿನ ಚೌಕಾಸಿಯ ಬಲ ಕಂಪನಿಯ ಕಡೆ ಇರುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಅದು ಸರ್ಕಾರದ ಕಡೆ ಸರಿಯುತ್ತದೆ, ಏಕೆಂದರೆ ರನ್‌ವೇಯನ್ನು ಕಿತ್ತು ತರಲಾಗದು. ದೊಡ್ಡ ಕಂತುಗಳನ್ನು ಚುನಾವಣೆಯ ನಂತರಕ್ಕೆ ತಳ್ಳಬಹುದೇ ಎಂದು ನೋಡುವುದು ಇದಕ್ಕಾಗಿ.

ಒಪ್ಪಂದದಲ್ಲಿ ಇಂಗ್ಲಿಷ್ ಕಾನೂನು, ಸಿಂಗಾಪುರದ ಮಧ್ಯಸ್ಥಿಕೆ (ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರು ತೀರ್ಮಾನಿಸುವುದು) ಇದ್ದರೆ ರಕ್ಷಣೆ ಇದ್ದಂತೆಯೇ ಎಂಬುದು ಅರ್ಧ ಸತ್ಯ. ಮಾಲೆಯ ಒಪ್ಪಂದದಲ್ಲೂ ಅವು ಇದ್ದವು. ಸಿಂಗಾಪುರದ ಹೈಕೋರ್ಟ್ ಕೊಟ್ಟ ತಡೆಯಾಜ್ಞೆಯನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಡಿಸೆಂಬರ್ 6ರಂದು ತೆಗೆದುಹಾಕಿತು. ಒಂದೆರಡು ದಿನಗಳಲ್ಲೇ ನಿಲ್ದಾಣ ಕಂಪನಿಯ ಕೈತಪ್ಪಿತು. ಒಪ್ಪಂದ ಸಿಂಧುವೇ ಆಗಿತ್ತೆಂಬ ಮಧ್ಯಸ್ಥರ ತೀರ್ಪು ಬಂದದ್ದು 2014ರಲ್ಲಿ, ಸುಮಾರು 27 ಕೋಟಿ ಡಾಲರ್ ಪರಿಹಾರ ಸಿಕ್ಕಿದ್ದು 2016ರಲ್ಲಿ.

ಇನ್ನು ವಿಮೆ. ವಿಶ್ವ ಬ್ಯಾಂಕ್ ಸಮೂಹದ ಹೂಡಿಕೆ ಖಾತರಿ ಸಂಸ್ಥೆ ಮಿಗಾ, ನಮ್ಮ ಕೇಂದ್ರ ಸರ್ಕಾರದ ರಫ್ತು ಸಾಲ ವಿಮಾ ಕಂಪನಿ ಇಸಿಜಿಸಿ ಎರಡೂ ಸಾಗರೋತ್ತರ ಹೂಡಿಕೆಗೆ ವಿಮೆ ಕೊಡುತ್ತವೆ. ಯುದ್ಧ, ಆಸ್ತಿ ವಶ, ಹಣ ರವಾನೆಗೆ ತಡೆ ಇವು ಮುಖ್ಯ ಬಾಬತ್ತುಗಳು. ಸರ್ಕಾರದಿಂದ ಒಪ್ಪಂದ ಉಲ್ಲಂಘನೆಗೆ ಮಿಗಾದಲ್ಲಿ ಬೇರೆಯೇ ರಕ್ಷಣೆಯಿದೆ. ಆದರೆ ಅದು ಸಾಮಾನ್ಯವಾಗಿ ಜಾರಿಯಾಗುವುದು, ಮಧ್ಯಸ್ಥಿಕೆಯಲ್ಲಿ ಗೆದ್ದ ಮೇಲೂ ಸರ್ಕಾರ ಹಣ ಕೊಡದಿದ್ದಾಗ. ಮಾಲ್ಡೀವ್ಸ್ ಕೊನೆಗೆ ಹಣ ಕೊಟ್ಟಿತು. ಅಂಥ ಪಾಲಿಸಿ ಕೈಯಲ್ಲಿದ್ದರೂ ನಾಲ್ಕು ವರ್ಷ ಕಾಯುವುದು ತಪ್ಪುತ್ತಿರಲಿಲ್ಲ, ಆ ಅವಧಿಯ ಸಾಲದ ಕಂತುಗಳೂ ನಿಲ್ಲುತ್ತಿರಲಿಲ್ಲ.