ಮನೆಯವರ ಜೊತೆ ಕೂತು ಉಂಡೇ ತೂಕ ಇಳಿಸುವುದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಯಾರಾದರೂ ತೂಕ ಇಳಿಸಲು ಹೊರಟರೆ ಸಾಮಾನ್ಯವಾಗಿ ಅವರ ಊಟವೇ ಬೇರೆಯಾಗುತ್ತದೆ. ಎಲ್ಲರಿಗೂ ಕುಚ್ಚಲಕ್ಕಿ ಅನ್ನ, ಬಸಳೆ ಕೊದ್ದೆಲು (ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ). ಅವರೊಬ್ಬರಿಗೆ ಓಟ್ಸ್. ಇದು ಹೆಚ್ಚು ದಿನ ನಡೆಯುವುದಿಲ್ಲ. ಪಕ್ಕದಲ್ಲೇ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಬರುತ್ತಿರುವಾಗ ಒಬ್ಬರೇ ಬೇರೆ ತಿನ್ನುವುದು ಯಾರಿಗಾದರೂ ಬೇಸರವೇ, ಅಲ್ವಾ? ಅಡುಗೆ ಒಂದೇ ಇರಲಿ, ಬಡಿಸುವ ಕ್ರಮ ಬದಲಾಗಲಿ ಅಂತ ನನ್ನ ಅಭಿಪ್ರಾಯ.

ಮೊದಲು ಬಟ್ಟಲಲ್ಲಿ, ಅಂದರೆ ಊಟದ ತಟ್ಟೆಯಲ್ಲಿ, ಏನಿದೆ ನೋಡೋಣ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲರಿ. ಅಷ್ಟೇ ತೂಕದ ಹಸಿ ತೆಂಗಿನತುರಿಯಲ್ಲಿ ಸುಮಾರು 350. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ 120ರ ಹತ್ತಿರ. ಐದು ಜನರ ಮನೆಯಲ್ಲಿ ಮಧ್ಯಾಹ್ನದ ಕೊದ್ದೆಲಿಗೆ ಒಂದು ಕಾಯಿ ಕಡೆದು ಹಾಕಿದರು ಅಂತಿಟ್ಟುಕೊಳ್ಳಿ. ತುರಿ 300 ಗ್ರಾಂ ಆದರೆ ಸಾವಿರ ಕ್ಯಾಲರಿಗಿಂತ ಜಾಸ್ತಿ. ಕೊದ್ದೆಲು ಪೂರ್ತಿ ಮುಗಿದರೆ ತಲೆಗೆ 200. ಅಂದರೆ ಒಂದೂವರೆ ಸೌಟು ಅನ್ನ ಜಾಸ್ತಿ ಉಂಡ ಹಾಗೆ. ಅದರ ಮೇಲೆ ಪಲ್ಯಕ್ಕೆ ಮತ್ತೆ ತುರಿ, ಒಗ್ಗರಣೆ, ಎಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳ. ಎಲ್ಲರೂ ಅನ್ನವನ್ನೇ ಬೈಯುತ್ತಾರೆ, ತೆಂಗಿನಕಾಯಿಯ ಲೆಕ್ಕ ಯಾರೂ ಇಡುವುದಿಲ್ಲ.

ತೆಂಗು ಬಿಟ್ಟುಬಿಡಿ ಎಂದು ಕಾಸರಗೋಡಿನವರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾಗಿಯೂ ಇಲ್ಲ. 1916ರಲ್ಲೇ ತೆಂಗಿನ ಸಂಶೋಧನೆಗೆ ಕೇಂದ್ರ ಶುರುವಾದ ಊರು ಇದು. ಆದರೆ ಇದೇ ಊರಿನ ಅಡುಗೆಯಲ್ಲಿ ಬೋಳು ಹುಳಿಯೂ ಇದೆ. ಕಾಯಿ ಹಾಕದ, ಬೆಳ್ಳುಳ್ಳಿ ಒಗ್ಗರಣೆಯ ಈ ಹುಳಿ ವಾರದಲ್ಲಿ ಎರಡು ಮೂರು ದಿನ ಬಂದರೆ ಮನೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಉಳಿದ ದಿನ ಒಂದು ಕಾಯಿಯ ಜಾಗಕ್ಕೆ ಅರ್ಧ ಕಾಯಿ. ಮಂದ ಸಾಲದಿದ್ದರೆ ಬೇಯಿಸಿದ ತೊಗರಿಬೇಳೆ ಸ್ವಲ್ಪ ಜಾಸ್ತಿ.

ಇನ್ನು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್‌ಗಳಲ್ಲಿ ಒಂದಷ್ಟು ಕಾಳಿನೊಳಗೆ ಸೇರುತ್ತವೆ. ಅದರ ಪಿಷ್ಟ ಬೆಂದು, ತಣಿದು ಗಟ್ಟಿಯಾಗುವುದರಿಂದ ಸಾಮಾನ್ಯವಾಗಿ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿಯ) ಅನ್ನಕ್ಕಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಒಳ್ಳೆಯ ಅಕ್ಕಿಯೇ. ಆದರೆ ನಿಧಾನವಾಗಿ ಜೀರ್ಣವಾದ ಮಾತ್ರಕ್ಕೆ ಕ್ಯಾಲರಿ ಕಡಿಮೆಯಾಗುವುದಿಲ್ಲ. ಗಂಜಿಯ ವಿಷಯ ಬೇರೆ. ಅದರಲ್ಲಿ ನೀರೇ ಹೆಚ್ಚು, ಸ್ವಲ್ಪ ಅಕ್ಕಿಗೇ ಹೊಟ್ಟೆ ತುಂಬುತ್ತದೆ. ಜೊತೆಗೆ ಉಪ್ಪಿನಕಾಯಿಯ ಬದಲು ಹುರುಳಿ ಚಟ್ನಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಈಗ ಬಡಿಸುವ ಮಾತು. ಅಮೆರಿಕದ ಮನೋವಿಜ್ಞಾನಿ ಜಾನ್ ಡಿ ಕ್ಯಾಸ್ಟ್ರೊ ಜನರಿಂದ ದಿನದ ಊಟದ ಡೈರಿ ಬರೆಸಿ ನೋಡಿದರು. ಒಬ್ಬರೇ ಕೂತು ಉಂಡಾಗಿನದಕ್ಕಿಂತ ಜೊತೆಯಲ್ಲಿ ಉಂಡಾಗ ಊಟ ಸುಮಾರು ಶೇ. 44ರಷ್ಟು ದೊಡ್ಡದಾಗಿತ್ತು. ಮಾತಾಡುತ್ತಾ ಕೂತರೆ ಊಟ ಉದ್ದವಾಗುತ್ತದೆ, ಕೈ ಬಟ್ಟಲಿಗೆ ಹೋಗುತ್ತಲೇ ಇರುತ್ತದೆ. ನಮ್ಮಲ್ಲಂತೂ ಸೌಟು ಹಿಡಿದು "ಇನ್ನೊಂಚೂರು" ಎನ್ನುವವರು ಪಕ್ಕದಲ್ಲೇ ನಿಂತಿರುತ್ತಾರೆ. ಸಾಕು ಅಂತ ಮೆದುಳಿಗೆ ಹೇಳುವ ಕರುಳಿನ ಹಾರ್ಮೋನುಗಳ ಪರಿಣಾಮ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಎರಡನೇ ಸಲದ ಅನ್ನ ಬಿದ್ದಾಗಿರುತ್ತದೆ.

ಹಾಗಾಗಿ ಮೊದಲ ಸುತ್ತಿನಲ್ಲಿ ತರಕಾರಿ ಬರಲಿ. ಅಲಸಂಡೆ ಪಲ್ಯವೋ ತೊಂಡೆಕಾಯಿ ಪಲ್ಯವೋ ಅರ್ಧ ಬಟ್ಟಲು ತುಂಬಲಿ, ಅದರ ಜೊತೆ ಒಂದು ಲೋಟ ತೆಳು ಸಾರು. ಊಟಕ್ಕೆ ಮೊದಲು ಸೂಪ್ ಕುಡಿದವರು ಒಟ್ಟಿನಲ್ಲಿ ಸುಮಾರು ಶೇ. 20ರಷ್ಟು ಕಡಿಮೆ ಕ್ಯಾಲರಿ ತಿಂದರು ಎಂದು 2007ರ ಒಂದು ಪ್ರಯೋಗ ತೋರಿಸಿದೆ. ನಮ್ಮ ಸಾರು ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಆಮೇಲೆ ಒಂದೇ ಸಲ ಅನ್ನ. ಎರಡನೇ ಸಲ ಬೇಕೆನಿಸಿದರೆ ಪಲ್ಯವನ್ನೇ ಕೇಳಿ. ಬಡಿಸುವವರಿಗೂ ಸಮಾಧಾನ, ನಿಮಗೂ ಹೊಟ್ಟೆ ತುಂಬುತ್ತದೆ.

ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೋಟೀನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಧಾನ್ಯಗಳಿಂದ ಬರುವ ಕ್ಯಾಲರಿ ದಿನದ ಶೇ. 45 ದಾಟಬಾರದು. ನಮ್ಮ ಬಟ್ಟಲಲ್ಲಿ ಇದು ಸುಲಭವಾಗಿ ದಾಟುತ್ತದೆ, ಹಾಗಾಗಿ ಅನ್ನ ಇಳಿಸಿದ ಜಾಗಕ್ಕೆ ಪ್ರೋಟೀನ್ ಬರಲಿ. ಮೀನು ತಿನ್ನುವವರಿಗೆ ಉಪ್ಪಳ, ಕುಂಬಳೆಯಲ್ಲಿ ಬೂತಾಯಿ, ಬಂಗುಡೆ ಧಾರಾಳ. ಹುರಿದದ್ದಕ್ಕಿಂತ ತೆಳು ಪುಳಿಮುಂಚಿ (ಹುಳಿ, ಮೆಣಸು ಹಾಕಿದ ಮೀನಿನ ಸಾರು) ವಾಸಿ. ತಿನ್ನದವರಿಗೆ ಹುರುಳಿ, ಹೆಸರು, ಕಡಲೆ, ಮಜ್ಜಿಗೆ.

ಅಡುಗೆ ಮಾಡುವವರ ವಿಷಯ ಯಾರೂ ಎತ್ತುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ. ಆ ಹೊತ್ತಿಗೆ ಪಲ್ಯ ಖಾಲಿ, ಅನ್ನ ಬಾಕಿ. ದಂಡ ಆಗುತ್ತದೆ ಅಂತ ಅದನ್ನೂ ಉಂಡು ಮುಗಿಸುತ್ತಾರೆ. ಎಲ್ಲರ ಜೊತೆ ಅವರೂ ಕೂರಲಿ, ಅವರ ಪಾಲಿನ ಪಲ್ಯ ಮೊದಲೇ ತೆಗೆದಿಡಿ. ಮಿಕ್ಕ ಅನ್ನವನ್ನು ಬೇಗ ತಣಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನದ ದೋಸೆ ಹಿಟ್ಟಿಗೆ ರುಬ್ಬಿಕೊಳ್ಳಬಹುದು.

ಇಷ್ಟು ಮಾಡಿದರೆ ವಾರಕ್ಕೆ ಕಾಲು, ಅರ್ಧ ಕಿಲೋ ಇಳಿದರೂ ಚೆನ್ನಾಗಿಯೇ ಇಳಿದ ಹಾಗೆ. ತಕ್ಕಡಿಯ ಜೊತೆಗೆ ಸೊಂಟದ ಅಳತೆಯನ್ನೂ ನೋಡಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಮದ್ದಿನ ಪ್ರಮಾಣ ಹಾಗೇ ಇದ್ದು ಊಟ ಮಾತ್ರ ಇಳಿದರೆ ಸಕ್ಕರೆ ಒಮ್ಮೆಲೇ ಬಿದ್ದು ತಲೆತಿರುಗಿ ಬೀಳಬಹುದು.